ಎಲ್ಲವನ್ನೂ ಕೇಳಿಸಿಕೊಂಡ ಮೈಕು

ನಮ್ಮ ಹಿಪ್ಪುನೇರಳೆ ತೋಟದ ಪಕ್ಕಕ್ಕೆ ಕಾರ್ಖಾನೆ ಬಂದ ವರ್ಷ ನಾನೊಂದು ಮೈಕು ಕೊಂಡೆ. ಎರಡಕ್ಕೂ ಸಂಬಂಧವಿದೆ.

ಕಾರ್ಖಾನೆಯ ಲಾರಿಗಳು ತೋಟದ ಬದಿಯ ಓಣಿಯಲ್ಲೇ ಓಡಾಡಿ, ಸೊಪ್ಪಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂರಿಸುತ್ತಿದ್ದವು. ಆ ಸೊಪ್ಪು ತಿಂದ ರೇಷ್ಮೆ ಹುಳು ಬದುಕುವುದಿಲ್ಲ. ಹಿಂದಿನ ಬೆಳೆಯಲ್ಲಿ ಅರ್ಧ ತಿಪ್ಪೆ ಸೇರಿತ್ತು. ಲಾರಿಗಳನ್ನು ಹೊರಗಿನ ರಸ್ತೆಗೆ ತಿರುಗಿಸುತ್ತೇನೆಂದು ಮ್ಯಾನೇಜರು ಎರಡು ಸಲ ಮಾತು ಕೊಟ್ಟು, ಎರಡು ಸಲವೂ "ನಾನು ಹಾಗೆ ಹೇಳೇ ಇಲ್ವಲ್ಲ" ಎಂದಿದ್ದರು. ಮೂರನೇ ಸಲ ನಮ್ಮ ಮನೆಗೇ ಬಂದು ಮಾತಾಡುತ್ತೇನೆಂದರು. ಬರಲಿ, ಈ ಸಲ ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದೇ ಬಿಡುತ್ತೇನೆ ಎಂದು ಶಪಥ ಮಾಡಿದೆ.

ನನ್ನ ಮೊಬೈಲಿಗೆ ಸ್ವಲ್ಪ ಕಿವಿ ಮಂದ. ಎರಡು ಮಾರು ದೂರದ ಮಾತು ಅದರಲ್ಲಿ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಹಾಗಾಗಿ ರಾಮನಗರಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಬಳಿಯ ಮೊಬೈಲ್ ಅಂಗಡಿ ಹೊಕ್ಕೆ.

"ಏನ್ ರೆಕಾರ್ಡ್ ಮಾಡ್ಬೇಕಣ್ಣ?" ಎಂದ ಅಂಗಡಿಯವನು.

"ಹಾಡು," ಎಂದೆ. ಗುಟ್ಟು ಗುಟ್ಟಾಗಿಯೇ ಇರಬೇಕಲ್ಲ.

ಅವನು ಹುಣಸೆ ಬೀಜದ ಗಾತ್ರದ ಎರಡು ಮೈಕು ಮುಂದಿಟ್ಟ. "ಇದು ಎದುರ್ಗಿರೋರ ಮಾತು ಮಾತ್ರ ಹಿಡೀತದೆ. ಬಾಯತ್ರ ಇಡ್ಬೇಕು. ಇದು ಸುತ್ತಮುತ್ತ ಇರೋದ್ನೆಲ್ಲ ಹಿಡೀತದೆ. ಇರುವೆ ನಡುದ್ರೂ ಬುಡಾಕಿಲ್ಲ."

ವೈರು ತುಂಡಾದರೆ? ಬೆವರು ತಾಗಿದರೆ? ಮೊಬೈಲಿನ ಕರೆಂಟು ಎದೆಗೆ ಹೊಡೆದರೆ? ಎಲ್ಲವನ್ನೂ ಕೇಳಿದೆ.

"ಅಣ್ಣ, ಇದು ಮೈಕು. ಟ್ರಾನ್ಸ್‌ಫಾರ್ಮರ್ ಅಲ್ಲ."

ಎರಡಕ್ಕೂ ಒಂದೇ ಬೆಲೆ. ಒಬ್ಬರ ಮಾತು ಹಿಡಿಯುವ ಮೈಕು ಬೇಕೋ, ಊರಿನ ಮಾತೆಲ್ಲ ಹಿಡಿಯುವ ಮೈಕು ಬೇಕೋ ಎಂದರೆ, ತಲೆ ಇರುವ ಯಾರಾದರೂ ಮೊದಲನೆಯದನ್ನು ಕೊಳ್ಳುತ್ತಾರೆಯೇ? ನನಗೆ ತಲೆ ಇತ್ತು. ಎರಡನೆಯದನ್ನೇ ಕೊಂಡೆ.

ನಮ್ಮ ಪಡಸಾಲೆಯಲ್ಲೇ ಹುಳು ಸಾಕುವ ತಟ್ಟೆಗಳ ಸ್ಟ್ಯಾಂಡು ನಿಂತಿದೆ. ಮೈಕನ್ನು ಒಂದು ತಟ್ಟೆಯ ಅಂಚಿಗೆ ಸಿಕ್ಕಿಸಿ, ಪಕ್ಕದಲ್ಲಿ ಮ್ಯಾನೇಜರಿಗೆ ಕುರ್ಚಿ ಹಾಕಿ ನೋಡಿದೆ. ಹೆಂಡತಿ ಜಯಮ್ಮನಿಗೆ ಸಿಟ್ಟು ಬಂತು.

"ಹೊರಗಿನೋರ್ನ ಯಾರಾದ್ರೂ ಹುಳಿನತ್ರ ಕೂರುಸ್ತಾರಾ? ಜಗಲೀಲಿ ಕೂರ್ಸಿ ಕಾಫಿ ಕೊಟ್ಟು ಕಳ್ಸಿ."

"ನಿಂಗೆ ಟೆಕ್ನಿಕ್ ಗೊತ್ತಾಗಲ್ಲ, ಸುಮ್ನಿರು."

ಪರೀಕ್ಷೆಗೆಂದು ರೆಕಾರ್ಡ್ ಮಾಡಿದೆ. ಅದ್ಭುತ. ಅಡುಗೆಮನೆಯಲ್ಲಿ ಅವಳು ನನ್ನ ಬಗ್ಗೆ ಗೊಣಗಿದ್ದು ಕೂಡ ಅಕ್ಷರ ಅಕ್ಷರ ಕೇಳಿಸಿತು. ಅವತ್ತು ಹುಳುಗಳು ನಾಲ್ಕನೇ ಜ್ವರದಲ್ಲಿದ್ದವು. ಪೊರೆ ಕಳಚುವ ಮುನ್ನ ಅವು ಮೇವು ಬಿಟ್ಟು ಮಲಗುತ್ತವೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮನೆಯಲ್ಲಿ ಪಿಸುಮಾತೂ ಕೇಳುವಂಥ ನಿಶ್ಶಬ್ದ.

ಎರಡು ದಿನ ಬಿಟ್ಟು ಮ್ಯಾನೇಜರು ಬಂದರು. ಕುರ್ಚಿಯಲ್ಲಿ ಕೂತು, "ಸೋಮವಾರದಿಂದ ಒಂದೇ ಒಂದು ಲಾರಿ ಈ ಓಣಿಗೆ ಬಂದ್ರೆ ನನ್ನ ಕೇಳಿ" ಎಂದು ಎದೆ ಮುಟ್ಟಿಕೊಂಡು ಹೇಳಿದರು. ವೈರು ಅವರ ಕಣ್ಣಿಗೆ ಬಿದ್ದೀತೆಂಬ ಭಯಕ್ಕೆ ನಾನು ಮೈಕಿಗೆ ಅಡ್ಡವಾಗಿ ನಿಂತೇ ಇದ್ದೆ.

ಸೋಮವಾರ ಬಂತು. ಲಾರಿಯೂ ಬಂತು. ಒಂದಲ್ಲ, ಹನ್ನೊಂದು.

ಮೊಬೈಲನ್ನು ಜೇಬಿಗಿಟ್ಟು, ಇಸ್ತ್ರಿ ಅಂಗಿ ತೊಟ್ಟು, ಕಾರ್ಖಾನೆಗೆ ನಡೆದೆ. ಮ್ಯಾನೇಜರು ಯಥಾಪ್ರಕಾರ "ನಾನು ಹಾಗೆ ಹೇಳೇ ಇಲ್ವಲ್ಲ" ಎಂದರು. ಈ ಕ್ಷಣಕ್ಕಾಗಿಯೇ ಕಾದಿದ್ದವನು ಮೊಬೈಲನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದೆ.

ಧೋ ಎಂದು ಮಳೆ ಸುರಿಯಿತು.

ಅಲ್ಲಿದ್ದ ಗುಮಾಸ್ತರು ಎದ್ದು ಕಿಟಕಿಯಾಚೆ ನೋಡಿದರು. ಹೊರಗೆ ಸುಡು ಬಿಸಿಲು. ಜ್ವರದಿಂದೆದ್ದ ಹುಳುಗಳು ಹಸಿವಿನಲ್ಲಿ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದ ಹಾಗೆಯೇ ಇರುತ್ತದೆ. ಇಪ್ಪತ್ತು ವರ್ಷ ಆ ಸದ್ದಿನಲ್ಲೇ ಉಂಡು ಮಲಗಿದ ನನಗೆ ಅದು ಸದ್ದೇ ಅಲ್ಲ. ಮೈಕಿಗೆ ಆ ಅಭ್ಯಾಸ ಇರಲಿಲ್ಲ.

ಮಳೆಯ ನಡುವೆ ಒಂದೇ ಒಂದು ದನಿ ಸ್ಪಷ್ಟವಾಗಿತ್ತು. ಮೈಕಿಗೆ ಅಂಟಿಕೊಂಡು ನಿಂತವನ ದನಿ. "ಹೂಂ ಸಾರ್... ಆಗ್ಲಿ ಸಾರ್... ನೀವ್ ಹೇಳ್ದಂಗೇ ಸಾರ್..."

ಮ್ಯಾನೇಜರು ಕೊನೆಯವರೆಗೂ ಶ್ರದ್ಧೆಯಿಂದ ಕೇಳಿದರು. "ಎಲ್ಲಕ್ಕೂ ನೀವೇ ಒಪ್ಕೊಂಡಿದೀರಲ್ಲ?"

ಸೋತೆನೆಂದು ಯಾರೂ ತಿಳಿಯಬಾರದು. ಮಾರನೇ ದಿನ ಬೆಳಿಗ್ಗೆ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಓಣಿಯ ನಟ್ಟನಡುವೆ ಹಾಕಿ ಕೂತೆ. ಲಾರಿ ಬಂತು. ಮೂಗಿನ ಮುಂದೆ ನಿಂತು ಹಾರ್ನ್ ಹೊಡೆಯಿತು. ನಾನು ಎದ್ದೆ. ಹೆದರಿ ಅಲ್ಲ, ಭಾಷಣಕ್ಕೆ. ಖಾಲಿಯಾದ ಕುರ್ಚಿಯಲ್ಲಿ, ತೋಟದಿಂದ ಬರುತ್ತಿದ್ದ ಜಯಮ್ಮ ಸೊಪ್ಪಿನ ಮಂಕರಿ ಸಮೇತ ಕೂತಳು.

"ಹತ್ಸು ನೋಡಾನ," ಎಂದಳು ಡ್ರೈವರಿಗೆ.

ಹಿಂದೆ ಆರು ಲಾರಿ ಸಾಲುಗಟ್ಟಿದವು. ಮ್ಯಾನೇಜರು ಓಡಿ ಬಂದು "ಅಮ್ಮ, ನಾಳೆಯಿಂದ ಖಂಡಿತ" ಎಂದರು.

"ಬಾಯ್ಮಾತು ಬ್ಯಾಡ ಸ್ವಾಮಿ. ಬರುದ್ಕೊಡಿ. ಇಲ್ಲಾಂದ್ರೆ ಈ ಧೂಳ್ ಸೊಪ್ನ ನಿಮ್ ಆಪೀಸ್ನಾಗೇ ಕೂತ್ಕಂಡು ಒರುಸ್ತೀನಿ."

ಲಾರಿಯ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದುಕೊಟ್ಟರು. ಆಫೀಸಿನಿಂದ ತರಿಸಿ ಮೊಹರೂ ಒತ್ತಿದರು. ಅವತ್ತಿನಿಂದ ಲಾರಿಗಳು ಹೊರಗಿನ ರಸ್ತೆ ಹಿಡಿದವು, ಸೊಪ್ಪು ಹಸಿರಾಗಿದೆ.

ಆ ಪತ್ರ ನಮ್ಮ ಬೀರುವಿನಲ್ಲಿದೆ. ತೋಟ ನನ್ನ ಹೆಸರಿನಲ್ಲಿದ್ದರೂ ಅದನ್ನು ಬರೆದಿರುವುದು "ಶ್ರೀಮತಿ ಜಯಮ್ಮನವರಿಗೆ". ಕೆಳಗೆ ಸಾಕ್ಷಿಯ ಜಾಗದಲ್ಲಿ ನಾನಿದ್ದೇನೆ. ಮ್ಯಾನೇಜರಿಗೆ ಗಡಿಬಿಡಿಯಲ್ಲಿ ನನ್ನ ಹೆಸರು ನೆನಪಾಗಲಿಲ್ಲವಂತೆ. "ಸದರಿಯವರ ಗಂಡ" ಎಂದು ಬರೆದಿದ್ದಾರೆ. ಪ್ರತಿಭಟಿಸಿದೆ. ಆಮೇಲೆ ಅದರ ಮುಂದೆಯೇ ಸಹಿ ಹಾಕಿದೆ.