ಹಸಿರು ಬಂದ ಮೂರು ತಿಂಗಳು

ಆಸ್ಪತ್ರೆಯಲ್ಲಿ ಕೆಲಸ ಮಾಡುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬೆಳಿಗ್ಗೆ ಎದ್ದು, ಕೈಯಲ್ಲಿ ಬಾಟಲಿ ಹಿಡಿದುಕೊಂಡು, ಸಾಲಿನಲ್ಲಿ ಬಂದು ನಿಂತಿರುತ್ತದೆ. ಶಿಕಾರಿಪುರದಲ್ಲಿ ನಾನು ಕಂಪೌಂಡರನಾಗಿದ್ದಾಗಿನ ಮಾತು ಇದು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹನ್ನೆರಡು ವರ್ಷ ಆ ಸಾಲಿನ ಈಚೆ ಕಡೆ ನಿಂತು ಜನರ ದಡ್ಡತನಕ್ಕೆ ಮನಸಾರೆ ನಕ್ಕಿದ್ದೆ. ಆಮೇಲೆ ಒಂದು ದಿನ ನಾನೇ ಆಚೆ ಕಡೆ ಹೋಗಿ ನಿಲ್ಲಬೇಕಾಯಿತು. ಅಲ್ಲಿಂದ ನೋಡಿದರೆ ದಡ್ಡರು ಇನ್ನೂ ಚೆನ್ನಾಗಿ ಕಾಣುತ್ತಾರೆ.

ಔಷಧ ಕೆಟ್ಟಿದೆ

ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ನೋಡಲು ನಮ್ಮಲ್ಲಿ ಇದ್ದದ್ದು ಒಂದೇ ಪರೀಕ್ಷೆ. ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯೇ ಉಳಿದರೆ ಮನುಷ್ಯ ಬಚಾವ್. ಹಸಿರಾದರೆ ಅನುಮಾನ. ಹಳದಿಯಾದರೆ ಕಾಯಿಲೆ. ಇಟ್ಟಿಗೆ ಕೆಂಪಾದರೆ ದೊಡ್ಡಾಸ್ಪತ್ರೆಗೆ ಶಿವಮೊಗ್ಗೆಯ ಬಸ್ಸು.

ಒಂದು ದಿನ ಹೊಸ ಔಷಧದ ಸೀಸೆ ಬಂತು. ಡಾಕ್ಟರು, "ಯಾರಾದರೂ ಆರೋಗ್ಯವಂತರದ್ದು ಹಾಕಿ ಒಂದು ಸಲ ನೋಡಿಬಿಡಿ, ಔಷಧ ಸರಿ ಇದೆಯೋ ಇಲ್ಲವೋ ಗೊತ್ತಾಗಲಿ" ಅಂದರು. ಇಡೀ ಊರಿನಲ್ಲಿ ನನಗಿಂತ ಆರೋಗ್ಯವಂತ ಯಾರಿದ್ದಾರೆ? ನನ್ನದನ್ನೇ ಹಾಕಿ ಕುದಿಸಿದೆ. ಹಸಿರಾಯಿತು.

"ಸಾರ್, ಔಷಧ ಕೆಟ್ಟಿದೆ" ಅಂದೆ.

ಡಾಕ್ಟರು ತಮ್ಮದನ್ನು ಕೊಟ್ಟರು. ನೀಲಿ. ನಮ್ಮ ವಾರ್ಡಿನ ಜವಾನನದನ್ನು ತರಿಸಿದೆವು. ಕರೆದ ಮದುವೆಗೂ ಹೋಗಿ, ಕರೆಯದ ಮದುವೆಗೂ ಹೋಗಿ, ಎಲೆ ಕಿತ್ತುಹೋಗುವ ಹಾಗೆ ಉಣ್ಣುವ ಆಸಾಮಿ. ಅವನದೂ ನೀಲಿ, ಆಕಾಶದ ಹಾಗೆ. ನಾನು ಮತ್ತೆ ನನ್ನದು ಹಾಕಿದೆ. ಹುಲ್ಲಿನ ಹಾಗೆ ಹಸಿರು.

ಆದರೂ ನಾನು ಬಿಡಲಿಲ್ಲ. ಔಷಧ ಕಳಿಸಿದ ಉಗ್ರಾಣಕ್ಕೆ ದೂರು ಬರೆಯಲು ಕಾಗದ ತೆಗೆದುಕೊಂಡು ಕೂತೆ. ಡಾಕ್ಟರು ನನ್ನ ಕೈಯಿಂದ ಪೆನ್ನು ಇಸಿದುಕೊಂಡು, "ಔಷಧ ಸರಿಯಾಗಿದೆ ಕಂಪೌಂಡರೇ. ಕೆಟ್ಟಿರೋದು ನೀವು" ಅಂದರು.

ಅನ್ನ ಬಿಡಿಸಿದ್ದು

ಡಾಕ್ಟರು ಕೂರಿಸಿ ಹೇಳಿದರು: "ಇದು ಇನ್ನೂ ಕಾಯಿಲೆ ಅಲ್ಲ. ಕಾಯಿಲೆ ಬಾಗಿಲಿಗೆ ಬಂದು ಇಣುಕಿ ನೋಡ್ತಾ ಇದೆ. ಸಕ್ಕರೆ ಬೆಲ್ಲ ಬಿಡಿ. ಅನ್ನ ಕಮ್ಮಿ ಮಾಡಿ, ರೊಟ್ಟಿ ತಿನ್ನಿ. ದಿನಾ ನಡೀರಿ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ."

ಇದೇ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೆನೋ ಲೆಕ್ಕವಿಲ್ಲ. ಕೇಳಿದಾಗ ಮಾತ್ರ ಗೊತ್ತಾಯಿತು, ಎಷ್ಟು ದರಿದ್ರ ಮಾತು ಅಂತ. ಆದರೆ ಒಳಗೆ ಒಂದು ಅಳುಕು ಇತ್ತು. ನಮ್ಮ ತಂದೆಯ ಕಾಲಿಗೆ ಒಂದು ಸಣ್ಣ ಗಾಯ ಆಗಿ, ಅದು ವರ್ಷವಾದರೂ ಮಾಯದೆ, ಕೊನೆಗೆ ಅವರನ್ನೇ ತೆಗೆದುಕೊಂಡು ಹೋಗಿತ್ತು. ಆಗ ಅದಕ್ಕೆ ಹೆಸರು ಹೇಳುವವರು ಯಾರೂ ಇರಲಿಲ್ಲ. ಈಗ ಹೆಸರು ನನಗೆ ಗೊತ್ತಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ನೀವೇನೂ ಯೋಚನೆ ಮಾಡ್ಬೇಡ್ರೀ. ನಾಳೆಯಿಂದ ಒಂದು ಅಗುಳು ಅನ್ನ ನಿಮ್ಮ ಎಲೆಗೆ ಬೀಳಲ್ಲ" ಅಂದಳು. ಮಾತಿಗೆ ತಪ್ಪುವ ಹೆಂಗಸಲ್ಲ. ಮಾರನೆಯ ದಿನ ಬೆಳಿಗ್ಗೆ ಬೆಣ್ಣೆ ಹಚ್ಚಿದ ಅಕ್ಕಿ ರೊಟ್ಟಿ, ಆರು. ಮಧ್ಯಾಹ್ನ ಅಕ್ಕಿ ಶಾವಿಗೆ. ಸಂಜೆ ಒಗ್ಗರಣೆ ಅವಲಕ್ಕಿ. ಹಸಿವಾದರೆ ಇರಲಿ ಅಂತ ಒಂದು ಡಬ್ಬಿ ಚಕ್ಕುಲಿ.

"ಇದೆಲ್ಲ ಅಕ್ಕಿಯಲ್ಲವೇನೇ?" ಅಂದೆ.

"ಅಕ್ಕಿ ಇರಬಹುದು. ಅನ್ನ ಅಲ್ವಲ್ಲ! ಡಾಕ್ಟ್ರು ರೊಟ್ಟಿ ತಿನ್ನಿ ಅಂದ್ರು ಅಂತ ನೀವೇ ಹೇಳಿದ್ದು."

ಹನ್ನೆರಡು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು ಇದಕ್ಕೆ ಏನು ಹೇಳಬೇಕು? ತಿಳಿಸಿ ಹೇಳಬೇಕು. ನಾನು ತಿಳಿಸಿ ಹೇಳಿದೆ, ಆದರೆ ಹದಿನೈದು ದಿನ ಬಿಟ್ಟು. ಅಷ್ಟರಲ್ಲಿ ಎರಡು ಸೇರು ಚಕ್ಕುಲಿ ಮುಗಿದಿತ್ತು.

ಒಂದು ಕಾಯಿಲೆ ಕಾಫಿ

ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಪ್ರತಿದಿನ ಸಂಜೆ ಕಾಫಿ ಕುಡಿಯುವುದು ನನ್ನ ರೂಢಿ. ಸಕ್ಕರೆ ಇಲ್ಲದೆ ಕೊಡಿ ಅಂತ ಮಾಲೀಕರ ಕಿವಿಯಲ್ಲಿ ಮೆಲ್ಲಗೆ ಹೇಳಿದೆ. ಅವರಿಗೆ ಅವಮಾನವಾಯಿತು.

"ಯಾಕ್ರೀ? ನನ್ನ ಹೋಟ್ಲಲ್ಲಿ ಸಕ್ಕರೆ ತೀರಿಹೋಗಿದೆ ಅಂತ ಯಾರಾದ್ರೂ ಹೇಳಿದ್ರಾ?"

ಹಾಗಲ್ಲ, ಹೀಗೆ ಅಂತ ವಿಷಯ ಹೇಳಿದೆ. ಅವರ ಮುಖ ಕರಗಿತು. ಕರುಣೆ ಉಕ್ಕಿ ಬಂದು, ಒಳಗಿನ ಅಡಿಗೆಯವನಿಗೆ ಗಂಟಲು ಬಿಚ್ಚಿ ಕೂಗಿದರು: "ಕಂಪೌಂಡರಿಗೆ ಒಂದು ಸಕ್ಕರೆ ಕಾಯಿಲೆ ಕಾಫೀ!"

ಇಡೀ ಹೋಟೆಲು ತಿರುಗಿ ನೋಡಿತು. ಸೊರಬದ ಬಸ್ಸಿಗೆ ಕಾಯುತ್ತಿದ್ದವರು ಕಿಟಕಿಯಲ್ಲಿ ಇಣುಕಿದರು. ಆ ಗಳಿಗೆಯಿಂದ ಶಿಕಾರಿಪುರದಲ್ಲಿ ವೈದ್ಯಕೀಯ ಓದದವನು ನಾನೊಬ್ಬನೇ ಆದೆ. ಹಾಗಲಕಾಯಿ ರಸ ಕುಡಿಯಿರಿ ಅಂದ ಒಬ್ಬ. ನೇರಳೆ ಬೀಜದ ಪುಡಿ ಅಂದ ಇನ್ನೊಬ್ಬ. ಮೆಂತ್ಯ ನೆನೆಹಾಕಿ ಅಂದ ಮೂರನೆಯವನು, ನೆನೆಹಾಕಿದರೆ ಸತ್ತೇ ಹೋಗುತ್ತೀರಿ, ಹುರಿಯಬೇಕು ಅಂದ ನಾಲ್ಕನೆಯವನು. ಇವರೆಲ್ಲ ಹಿಂದಿನ ವಾರ ಜ್ವರ ಬಂದಾಗ ನನ್ನ ಹತ್ತಿರ ಬಂದು, ಮಾತ್ರೆ ನುಂಗಬೇಕೋ ಅರೆದು ಹಚ್ಚಬೇಕೋ ಅಂತ ಕೇಳಿದ್ದ ಪಂಡಿತರು.

ಎಲ್ಲರಿಗಿಂತ ಹೆಚ್ಚು ಸಮಾಧಾನ ಹೇಳಿದವರು ತಾಲ್ಲೂಕು ಕಚೇರಿಯ ಒಬ್ಬ ಗುಮಾಸ್ತರು. ನನ್ನ ಪಕ್ಕದಲ್ಲಿ ಕೂತು, ಭುಜ ತಟ್ಟಿ, "ಹೆದರಬೇಡಿ. ನಮ್ಮ ಮಾವನವರಿಗೂ ಹೀಗೇ ಹಸಿರಿಂದಲೇ ಶುರುವಾಗಿತ್ತು" ಅಂದರು.

ನನಗೆ ಜೀವ ಬಂದಂತಾಯಿತು. "ಹೌದಾ? ಈಗ ಹೇಗಿದ್ದಾರೆ?"

"ವೈಕುಂಠ ಸಮಾರಾಧನೆ ಮುಗಿಸಿಕೊಂಡು ನಿನ್ನೆ ತಾನೇ ಬಂದೆ. ಊಟ ಬಹಳ ಚೆನ್ನಾಗಿತ್ತು."

ಇಟ್ಟಿಗೆ ಕೆಂಪು

ಇದೇ ಸಮಯದಲ್ಲಿ ತಾಳಗುಂದದ ಕಡೆಯ ಒಬ್ಬ ದೊಡ್ಡ ರೈತ ಬಂದ. ಎಮ್ಮೆಯಂಥ ಆಳು. ಸುಸ್ತು ಅಂದ. ಬಾಟಲಿ ತರಲು ಹೇಳಿದೆವು, ತಂದ, ಕುದಿಸಿದೆ. ನನ್ನ ಸರ್ವಿಸಿನಲ್ಲೇ ಅಂಥ ಕೆಂಪು ನೋಡಿರಲಿಲ್ಲ. ಹೊಸ ಹಂಚಿನ ಹಾಗೆ ಹೊಳೆಯುತ್ತಿತ್ತು. ನನ್ನ ಹಸಿರು ಅದರ ಮುಂದೆ ಎಷ್ಟು ಚಂದ ಅನ್ನಿಸಿತು. ಬೇರೆಯವನ ಕಷ್ಟ ನೋಡಿ ಹಾಗೆ ಹಗುರಾದ ಮನಸ್ಸಿಗೆ ಏನನ್ನಬೇಕೋ ನೀವೇ ಅನ್ನಿ.

ಒಂದು ವಾರ ಪಥ್ಯ ಮಾಡಿ ಬಾ, ಆಮೇಲೆ ಶಿವಮೊಗ್ಗೆಗೆ ಕಳಿಸುತ್ತೇವೆ ಅಂದರು ಡಾಕ್ಟರು. ವಾರ ಬಿಟ್ಟು ಬಂದ. ಮನೆಯವರು ರಾಗಿ ಗಂಜಿ ಬಿಟ್ಟು ಏನನ್ನೂ ಕೊಟ್ಟಿರಲಿಲ್ಲ. ಹೊಲದ ಪಾಲಿನ ವಿಚಾರ ಮಾತಾಡಲು ಅಣ್ಣ ತಮ್ಮಂದಿರೆಲ್ಲ ಬಂದು ಕೂತಿದ್ದರಂತೆ. ಅದೇ ಬಾಟಲಿ ಮತ್ತೆ ತಂದಿದ್ದ. ಮುಚ್ಚಳ ತೆಗೆದಾಗ ಈ ಸಲ ನನಗೆ ಒಂದು ಪರಿಮಳ ಬಂತು.

"ಈ ಬಾಟ್ಲಿಯಲ್ಲಿ ಮೊದಲು ಏನಿತ್ತಪ್ಪಾ?"

"ಜೇನುತುಪ್ಪ ಇತ್ರೀ."

"ತೊಳೆದುಕೊಂಡು ಬರಬೇಕು ಅಂತ ಹೇಳಿದ್ನಲ್ಲ!"

"ತಳದಾಗ ಇನ್ನಾ ಚೂರು ಜೇನು ಐತಲ್ರೀ," ಅಂದ ಅವನು, ನನಗೆ ಬುದ್ಧಿ ಇಲ್ಲವೇನೋ ಎಂಬಂತೆ ನೋಡುತ್ತ. "ತೊಳದ್ರೆ ಹಾಳಾಗಿ ಹೋಗ್ತೈತಿ!"

ಅವನಿಗೆ ಹೊಸ ಬಾಟಲಿ ಕೊಟ್ಟು ನೋಡಿದರೆ ಅಪ್ಪಟ ನೀಲಿ. ನಾನು ಅವನಿಗೆ ಬೈದು ಕಳಿಸಿದೆ. ಮೊದಲ ದಿನವೇ ಮೂಸಿ ನೋಡದಿದ್ದ ನನಗೆ ಬೈಯಲು ಡಾಕ್ಟರಿದ್ದರು.

ಆದರೆ ಆ ದಿನ ನನ್ನ ಎದೆಯಲ್ಲಿ ಒಂದು ಆಸೆ ಮೊಳೆಯಿತು. ನನ್ನ ಹಸಿರೂ ಬಾಟಲಿಯ ತಪ್ಪೇ ಇರಬಹುದಲ್ಲ? ಮೂರು ಬೇರೆ ಬೇರೆ ಬಾಟಲಿ ಹಿಡಿದು ಮೂರು ಸಲ ಕುದಿಸಿದೆ. ಮೂರೂ ಹಸಿರು. ಬಾಟಲಿಗಳಲ್ಲಿ ಒಂದು ಕಲೆ ಇರಲಿಲ್ಲ, ಒಂದು ವಾಸನೆ ಇರಲಿಲ್ಲ. ಆಸ್ಪತ್ರೆಯ ಬಾಟಲಿ ತೊಳೆಯುವುದು ನನ್ನ ಕೆಲಸ. ಅಷ್ಟು ನಿಷ್ಠೆಯಿಂದ ಕೆಲಸ ಮಾಡಿದ್ದಕ್ಕೆ ಅವತ್ತು ಮೊದಲ ಸಲ ಪಶ್ಚಾತ್ತಾಪಪಟ್ಟೆ.

ಅಕ್ಕನ ಪ್ರೀತಿ

ನಮ್ಮಕ್ಕನನ್ನು ಸೊರಬಕ್ಕೆ ಕೊಟ್ಟಿತ್ತು. ಅವಳ ಮಗಳ ಸೀಮಂತಕ್ಕೆ ಹೋಗದೆ ವಿಧಿಯಿರಲಿಲ್ಲ. ಹೋಟೆಲಿನ ಸುದ್ದಿ ನನಗಿಂತ ಮುಂಚೆ ಬಸ್ಸು ಹತ್ತಿ ಅಲ್ಲಿಗೆ ಮುಟ್ಟಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಅಕ್ಕ ಅಳುತ್ತ ಬಂದಳು.

"ಎಂತ ಮಾಡ್ಕಂಡ್ಯೋ ತಮ್ಮಾ! ಅಪ್ಪನ ಹಾಗೇ ನೀನೂ ಆಗ್ತ್ಯನೋ? ಇವತ್ತು ನಿನ್ನ ಎಲೆ ಮುಂದೆ ನಾನೇ ನಿಂತು ನೋಡ್ಕಳ್ತೆ. ಒಂದು ಚೂರು ಸಕ್ಕರೆ ನಿನ್ನ ಬಾಯಿಗೆ ಹೋಗೂಕೆ ಬಿಡೂದಿಲ್ಲ."

ನನಗೂ ಕಣ್ಣು ಒದ್ದೆಯಾಯಿತು. ಊಟಕ್ಕೆ ಕೂತೆ. ಬಡಿಸುವವರು ಲಾಡು ತಂದರೆ ಅಕ್ಕ ಅಡ್ಡ ಕೈ ಹಿಡಿದಳು: "ಅವನಿಗೆ ಬೇಡ, ಸಕ್ಕರೆ!" ಪಾಯಸ ಬಂತು. "ಬೇಡ, ಸಕ್ಕರೆ!" ಸಾಲಿನಲ್ಲಿದ್ದವರೆಲ್ಲ ಮೆಚ್ಚಿದರು. ಇಂಥ ಅಕ್ಕ ಎಲ್ಲರಿಗೂ ಇರಬೇಕು ಅಂದರು. ಆಮೇಲೆ ಹೋಳಿಗೆ ಬಂತು. ಅಕ್ಕ ಬಡಿಸುವವನ ಕೈಯಿಂದ ತಟ್ಟೆಯನ್ನೇ ಕಿತ್ತುಕೊಂಡು ನನ್ನ ಎಲೆಗೆ ನಾಲ್ಕು ಹಾಕಿ, ಮೇಲೆ ತುಪ್ಪ ಸುರಿದಳು.

"ಅಕ್ಕಾ, ಇದು..."

"ಹೆದರ್ಬೇಡ ಮಾರಾಯ, ತಿನ್ನು. ಇದು ಬೆಲ್ಲದ್ದು."

ಅವಳಿಗೆ ತಿಳಿಯದು ಸರಿ. ತಿಳಿದ ನಾನು ಏನು ಮಾಡಿದೆ? ಮನಸ್ಸು ನೋಯಿಸಬಾರದು ಅಂದುಕೊಂಡೆ. ನಾಲ್ಕರಿಂದ ಅಕ್ಕನ ಮನಸ್ಸು ನೋಯದೆ ಉಳಿಯಿತು. ಐದನೆಯದರಿಂದ ಭಾವನ ಮನಸ್ಸು. ಆರನೆಯದನ್ನು ಯಾರ ಮನಸ್ಸಿಗಾಗಿ ತಿಂದೆನೋ ನೆನಪಿಲ್ಲ. ಬಹುಶಃ ಸೊರಬದ ಜನತೆಯ ಪರವಾಗಿ.

ಬೆಲ್ಲದ ತೂಕ

ಸೊರಬದಿಂದ ಬಂದ ಮೇಲೆ ಎಡಗಾಲಿನ ಹೆಬ್ಬೆರಳ ಹತ್ತಿರ ಚಪ್ಪಲಿ ಕಚ್ಚಿದ ಗಾಯವೊಂದು ಕಾಣಿಸಿತು. ಕಡಲೆಬೇಳೆಯಷ್ಟು. ನಾಲ್ಕು ದಿನವಾದರೂ ಒಣಗಲಿಲ್ಲ. ಎಂಟು ದಿನವಾದರೂ ಒಣಗಲಿಲ್ಲ. ದಿನಕ್ಕೆ ಹತ್ತು ಸಲ ಪಂಚೆ ಎತ್ತಿ ನೋಡಿಕೊಳ್ಳುತ್ತಿದ್ದೆ. ಔಷಧ ಹಚ್ಚುವಾಗ ನನ್ನ ಕಾಲು ನನಗೆ ಅಪ್ಪನ ಕಾಲಿನ ಹಾಗೆ ಕಂಡಿತು. ಹಾಸ್ಯವೆಲ್ಲ ಅಲ್ಲಿಗೆ ನಿಂತುಹೋಯಿತು.

ಆವತ್ತಿನಿಂದ ನಿಜವಾದ ಪಥ್ಯ ಹಿಡಿದೆ. ಹೆಂಡತಿಯನ್ನು ಕೂರಿಸಿ, ಅಪ್ಪನ ವಿಷಯ ಪೂರ್ತಿ ಹೇಳಿ, ಯಾವುದು ಬೇಕು ಯಾವುದು ಬೇಡ ಅಂತ ಬರೆದುಕೊಟ್ಟೆ. ಅವಳು ಅಕ್ಕಿಯ ಡಬ್ಬಿ ಅಟ್ಟಕ್ಕೆ ಏರಿಸಿದಳು. ಜೋಳದ ರೊಟ್ಟಿ ಬಡಿಯುವುದನ್ನು ಪಕ್ಕದ ಮನೆಯಾಕೆಯಿಂದ ಕಲಿತಳು. ಮೊದಲ ವಾರದ ರೊಟ್ಟಿಗಳಿಂದ ಬಾಗಿಲಿಗೆ ಒತ್ತು ಕೊಡಬಹುದಿತ್ತು. ಸೊಪ್ಪು, ಕಾಳು, ಮಜ್ಜಿಗೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ಒಂದು ಗಂಟೆ ನಡಿಗೆ. ಗಾಯ ಹದಿನೈದನೆಯ ದಿನ ಒಣಗಿತು. ನಾನೂ ಒಣಗಿದೆ. ಅಂಗಿ ಗೂಟಕ್ಕೆ ನೇತು ಹಾಕಿದ ಹಾಗೆ ಕಾಣತೊಡಗಿತು. ಆಸ್ಪತ್ರೆಗೆ ಬಂದವರು ಔಷಧ ಇಸಿದುಕೊಳ್ಳುವಾಗ, "ನೀವು ಕೊಟ್ಟಿದ್ದನ್ನ ನೀವು ಕುಡಿಯಲ್ಲ ತಾನೆ?" ಅಂತ ಕೇಳಿ ಖಾತ್ರಿ ಮಾಡಿಕೊಂಡು ಹೋಗುತ್ತಿದ್ದರು.

ಮೂರು ತಿಂಗಳು ತುಂಬಿದ ದಿನ ಡಾಕ್ಟರೇ ದೀಪ ಹಚ್ಚಿದರು. ನಳಿಗೆ ಹಿಡಿದವರೂ ಅವರೇ. ಕುದಿಯಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

"ಬಿಡ್ರೀ ಕಣ್ಣು. ನೀಲಿ."

ಓಡುತ್ತಲೇ ಮನೆಗೆ ಹೋದೆ. ಹೆಂಡತಿ ಕೇಳಿದವಳೇ ದೇವರ ಮುಂದೆ ಅಡ್ಡಬಿದ್ದು, ಎದ್ದು, ಮೊದಲ ಬಾರಿಗೆ ಗುಟ್ಟು ಬಿಟ್ಟಳು. ಹಸಿರು ಬಂದ ದಿನವೇ ನಮ್ಮ ಬೀದಿ ತುದಿಯ ಗುಡಿಯಲ್ಲಿ ಅವಳು ಹರಕೆ ಹೊತ್ತಿದ್ದಳಂತೆ.

"ಏನಂತ?"

"ನೀಲಿ ಬಂದ್ರೆ ನಿಮ್ಮ ತೂಕದ ಬೆಲ್ಲ ತುಲಾಭಾರ ಮಾಡಿಸ್ತೀನಿ ಅಂತ."

ನಾನು ಗೋಡೆಗೆ ಒರಗಿ ಕೂತೆ. ಬೇರೆ ಏನೂ ಹೊಳೆಯಲಿಲ್ಲವೇನೇ, ತೆಂಗಿನಕಾಯಿ ಇರಲಿಲ್ಲವೇ, ಹುರುಳಿ ಇರಲಿಲ್ಲವೇ ಅಂದೆ. "ದೇವರಿಗೆ ಹುರುಳಿ ಕೊಡ್ತಾರೇನ್ರೀ?" ಅಂದಳು.

ಶನಿವಾರ ತಕ್ಕಡಿ ಕಟ್ಟಿದರು. ನಾನು ಒಂದು ತಟ್ಟೆಯಲ್ಲಿ ಕೂತೆ, ಇನ್ನೊಂದರಲ್ಲಿ ಬೆಲ್ಲದ ಅಚ್ಚು ಪೇರಿಸಿದರು. ತಕ್ಕಡಿ ಸಮವಾದಾಗ ಅರ್ಚಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದು ನಡೆಯಲ್ಲ" ಅಂದರು. "ಹರಕೆ ಹೊತ್ತಾಗ ನೀವು ಇಷ್ಟೇ ಇರಲಿಲ್ಲ. ದೇವರಿಗೆ ಒಪ್ಪಿಕೊಂಡದ್ದು ಆಗಿನ ತೂಕ. ಕಮ್ಮಿ ಕೊಟ್ಟರೆ ಹೇಗೆ?"

ಸೇರಿದ್ದ ಜನರಲ್ಲಿ ಚರ್ಚೆ ನಡೆಯಿತು. ನಾನು ಮೊದಲು ಎಷ್ಟು ದಪ್ಪ ಇದ್ದೆ ಅಂತ ಒಬ್ಬೊಬ್ಬರು ಕೈ ಅಗಲಿಸಿ ತೋರಿಸಿದರು. ಕೊನೆಗೆ ಪಕ್ಕದ ಮನೆಯಿಂದ ಒರಳಿನ ಗುಂಡುಕಲ್ಲು ತಂದು ನನ್ನ ತೊಡೆಯ ಮೇಲೆ ಕೂರಿಸಿದರು. ಮಗುವನ್ನು ಎತ್ತಿಕೊಂಡ ಬಾಣಂತಿಯ ಹಾಗೆ ಕಲ್ಲನ್ನು ತಬ್ಬಿಕೊಂಡು ಕೂತೆ. ಬೆಲ್ಲದ ಅಚ್ಚುಗಳು ಮತ್ತೆ ಏರಿದವು. ಅರ್ಧ ಬೆಲ್ಲ ಗುಡಿಗೆ, ಇನ್ನರ್ಧ ಪ್ರಸಾದವಾಗಿ ನಮ್ಮ ಮನೆಗೆ ಅಂತ ತೀರ್ಮಾನವಾಯಿತು. ಪ್ರಸಾದವನ್ನು ಮಾರಬಾರದು, ಚೆಲ್ಲಬಾರದು, ಮನೆಯವರೇ ತಿಂದು ಮುಗಿಸಬೇಕು ಅಂತ ಅರ್ಚಕರು ಒತ್ತಿ ಹೇಳಿದರು.

ಸುದ್ದಿ ಕೇಳಿ ಡಾಕ್ಟರು ಅಲ್ಲಿಗೇ ಬಂದರು. ಎತ್ತಿನ ಗಾಡಿಗೆ ಏರುತ್ತಿದ್ದ ಬೆಲ್ಲವನ್ನು ನೋಡಿದರು, ಕಲ್ಲು ಹಿಡಿದುಕೊಂಡು ಕೂತಿದ್ದ ನನ್ನನ್ನು ನೋಡಿದರು. ತಲೆ ಮೇಲೆ ಕೈ ಹೊತ್ತುಕೊಂಡರು.

"ಏನಮ್ಮಾ ಇದು? ಇಷ್ಟು ಬೆಲ್ಲ ಮನೆಗೆ ಹೋದರೆ ಮತ್ತೆ ಹಸಿರು ಬರುತ್ತಲ್ಲ!"

ಹೆಂಡತಿ ಅವರ ಕೈಗೆ ಒಂದು ಲೋಟ ಪಾನಕ ಕೊಟ್ಟು, ಒಂದಿಷ್ಟೂ ಹೆದರದೆ ಹೇಳಿದಳು:

"ಬರಲಿ ಬಿಡಿ ಡಾಕ್ಟ್ರೇ. ಇದೇ ಹರಕೆ ಇನ್ನೊಂದು ಸಲ ಹೊತ್ತರಾಯ್ತು."