ಮಾವನ ಚೂರಿಗೆ ವಯಸ್ಸೆಷ್ಟು?

ಹಳೆ ವಸ್ತುವಿನ ಬಗ್ಗೆ ಕುತೂಹಲ ಹುಟ್ಟಿತೆಂದರೆ ಸಾಕು, ಊರೂರಲ್ಲಿ ನಗೆಪಾಟಲಾಗುವ ಯೋಗ ನನಗೆ ಕೂಡಿಬರುತ್ತದೆ. ಈ ಸಲ ಅದು ಬಂದದ್ದು ಚೂರಿಯ ರೂಪದಲ್ಲಿ.

ತೀರಿಹೋದ ನನ್ನ ಮಾವ ಎಪ್ಪತ್ತರ ದಶಕದಲ್ಲಿ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಜಿಂಕೆ ಕೊಂಬಿನ ಹಿಡಿ, ಚರ್ಮದ ಒರೆ ಇರುವ ಆ ಚೂರಿಯನ್ನು "ನನ್ನ ಮೀನು ಸಾರು ಉಂಡು ಜರ್ಮನ್ ಕಪ್ತಾನ ಸೊಂಟದಿಂದ ಬಿಚ್ಚಿ ಕೊಟ್ಟದ್ದು" ಎನ್ನುತ್ತಿದ್ದರು. ಊರು ನಂಬಲಿಲ್ಲ. ಅವರ ಮಗ, ಅಂದರೆ ಕುಮಟೆಯ ನನ್ನ ಭಾವ, ಇವತ್ತಿಗೂ ನಂಬುವುದಿಲ್ಲ. ಚೂರಿ ಮಗಳ ಪಾಲಿಗೆ ಬಂದು ಹೊನ್ನಾವರದ ನಮ್ಮ ಮನೆಯಲ್ಲಿದೆ. ಆಯುಧಪೂಜೆಗೆ ಬಂದು ಅದನ್ನು ಪೂಜೆಗಿಟ್ಟದ್ದು ಕಂಡಾಗೆಲ್ಲ ಭಾವ, "ಅಪ್ಪ ಮುಂಬೈ ಗುಜರಿ ಬಜಾರಲ್ಲಿ ತಕಂಡದ್ದು" ಎಂದು ನಗುತ್ತಾನೆ. ಹೆಂಡತಿಗೆ ಊಟ ಸೇರುವುದಿಲ್ಲ. "ಅಪ್ಪ ಸುಳ್ಳುಗಾರ ಅಲ್ಲ. ನೀವಾದ್ರೂ ಪತ್ತೆ ಮಾಡ್ರಾ" ಎಂದಳು. ನಾನು ಹೊರಟೆ.

ನೆತ್ತರಿನ ಕಲೆ

ಕುಮಟೆಯಲ್ಲಿ ಹಳೆ ನಾಣ್ಯ, ಹಳೆ ಗಡಿಯಾರ ಕೂಡಿಡುವ ಒಬ್ಬ ನಿವೃತ್ತ ಸಾಹೇಬರಿದ್ದಾರೆ. ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಹಿಡಿಯ ಬುಡದಲ್ಲಿ ಕೆಂಪು ಕಲೆ ಕಂಡಿತು. ದನಿ ತಗ್ಗಿಸಿ, "ನೆತ್ತರು. ಮಹಾಯುದ್ಧದ್ದೇ ಇರಬೇಕು" ಎಂದರು. ನನಗೆ ಮೈ ಜುಮ್ಮೆಂದಿತು.

ಮನೆಗೆ ಬಂದು ಹೇಳಿದೆ. ಹೆಂಡತಿ ಬೆರಳಿನಿಂದ ಉಜ್ಜಿ, ಹಣೆಗೆ ಹಚ್ಚಿಕೊಂಡಳು.

"ಕುಂಕುಮ. ಹೋದ ವರ್ಷದ್ದು."

ಕಿಟಕಿ ಸೀಟು

ಜರ್ಮನಿ ಕಂಡವರೊಬ್ಬರು ಭಟ್ಕಳದಲ್ಲಿದ್ದಾರೆಂದು ಕೇಳಿ ಹೊರಟೆ. ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರ್ ನನ್ನ ಕೈಯ ಪೊಟ್ಟಣ ನೋಡಿ, "ಅದೆಂತದ್ರಾ?" ಎಂದ. "ಜರ್ಮನ್ ಚೂರಿ" ಎಂದೆ. ಪಕ್ಕದ ಇಬ್ಬರಿಗೆ ಒಮ್ಮೆಲೇ ಇಳಿಯುವ ಊರು ನೆನಪಾಯಿತು. ನನಗೆ ಕಿಟಕಿ ಸೀಟು ಸಿಕ್ಕಿತು.

ಮೀನು ಮಾರುವ ಅಜ್ಜಿಯೊಬ್ಬಳು ಮಾತ್ರ ಬುಟ್ಟಿ ಸಮೇತ ಪಕ್ಕಕ್ಕೇ ಬಂದಳು. ಚೂರಿ ಬಿಡಿಸಿ, ಅಲಗಿನ ಅಂಚಿಗೆ ಹೆಬ್ಬೆರಳು ಸವರಿದಳು.

"ಇದ್ರಲ್ಲಿ ಬಂಗಡೆ ಬಿಡು, ಬೆಂಡೆಕಾಯೂ ಹೆಚ್ಚೂಕಾಗೂದಿಲ್ಲ. ಅವ್ರೆಲ್ಲ ಎಂತಕ್ಕೆ ಹೆದರ್ಕಂಡ್ರು?"

ತುಕ್ಕಿನ ಭಯ

ಭಟ್ಕಳದ ಅತ್ತರು ಅಂಗಡಿಯ ಯಜಮಾನರು ಜರ್ಮನಿಯಲ್ಲಿ ಕೆಲವು ಕಾಲ ಇದ್ದವರು. ನೋಡಿದ ಕೂಡಲೇ ನಕ್ಕರು. "ಇದು ಜಗಳದ್ದಲ್ಲ ಭಾಯಿ. ಅಲ್ಲಿ ಗುಡ್ಡ ಹತ್ತುವವರು ಸೊಂಟಕ್ಕೆ ಕಟ್ಟಿಕೊಳ್ತಾರೆ. ರೊಟ್ಟಿ ಕೊಯ್ಲಿಕ್ಕೆ, ಕಡ್ಡಿ ಕೆತ್ತಲಿಕ್ಕೆ."

"ವಯಸ್ಸು?"

"ಹಿಡಿಯ ಬುಡದಲ್ಲಿ, ಅಲಗಿನ ಮೇಲೆ ಮುದ್ರೆ ಇರ್ತದೆ. ದೇಶದ ಹೆಸರು ಓದಿ. ವೆಸ್ಟ್ ಜರ್ಮನಿ ಅಂತಿದ್ದರೆ ಯುದ್ಧ ಮುಗಿದು ದೇಶ ಎರಡಾದ ಮೇಲಿನದು. ಆದರೆ ಈ ಕುಂಕುಮ ತೊಳೀಬೇಕು."

ತೊಳೆಯುವುದು ಹೇಗೆ? ತುಕ್ಕು ಹಿಡಿದೀತು, ನೀರು ತಾಗಿಸಬೇಡಿ ಎಂಬುದು ಮಾವನ ಅಪ್ಪಣೆ. ಹಾಗಾಗಿ ಪ್ರತಿ ವರ್ಷ ಎಣ್ಣೆ ಸವರಿ, ಹಳೆ ಗಂಧ ಕುಂಕುಮದ ಮೇಲೆ ಹೊಸದನ್ನು ಹಚ್ಚುತ್ತ ಬಂದಿದ್ದೆವು. ಯಜಮಾನರು ಉಗುರಿನಿಂದ ಒಂದಿಷ್ಟು ಕೆರೆದರು. ಒಂದು ಜರ್ಮನ್ ಪದ ಇಣುಕಿತು. ಓದಿ ಇನ್ನಷ್ಟು ನಕ್ಕರು.

"ತುಕ್ಕು ಹಿಡಿಯೋದಿಲ್ಲ ಅಂತ ಬರೆದಿದೆ."

ಹುಣಸೆಹಣ್ಣು

ಆಯುಧಪೂಜೆಯ ಹಿಂದಿನ ದಿನ ಭಾವ ಬಂದ. ಕಾಲು ತೊಳೆಯುವ ಮೊದಲೇ, "ಗುಜರಿ ಚೂರಿ ಎಲ್ಲಿ?" ಎಂದ. ಹೆಂಡತಿ ಚೂರಿಯನ್ನು ಬಾವಿಕಟ್ಟೆಗೆ ಒಯ್ದು ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು. ಕಣ್ಣಲ್ಲಿ ನೀರಿತ್ತು.

ಪದರ ಪದರವಾಗಿ ಕೆಂಪು ನೀರು ಹರಿದು, ಸೋಲಿಂಗೆನ್ ಎಂಬ ಊರಿನ ಹೆಸರು ಕಂಡಿತು. ಅದರಡಿಗೆ ವೆಸ್ಟ್ ಜರ್ಮನಿ. "ಮಾವ ಹಡಗಲ್ಲಿದ್ದ ಕಾಲದ್ದೇ!" ಎಂದು ನಾನು ಕುಣಿದೆ.

"ಗುಜರಿ ಬಜಾರಿಗೂ ಜರ್ಮನಿ ಸಾಮಾನು ಬತ್ತದೆ ಭಾವ" ಎಂದ ಅವನು. ಅವನು ಹೇಳಿದ್ದೂ ಸರಿಯೇ. ನಾನು ಕುಣಿಯುವುದನ್ನು ನಿಲ್ಲಿಸಿದೆ.

ಹೆಂಡತಿ ಚೂರಿ ಮಗುಚಿ ಆಚೆ ಬದಿಯನ್ನು ತಿಕ್ಕಿದಳು. ಸಣ್ಣ ಸಣ್ಣ ಚುಕ್ಕೆಗಳು ಎದ್ದವು. ನಮ್ಮ ಕಡೆ ಮದುವೆ ಪಾತ್ರೆಗಳ ಮೇಲೆ ಅಂಗಡಿಯವರು ಕೊಟ್ಟವರ ಹೆಸರು ಹೊಡೆದುಕೊಡುತ್ತಾರಲ್ಲ, ಅದೇ ಚುಕ್ಕೆ ಅಕ್ಷರ. ಹಾಗೆ ಹೊಡೆದ ಹೆಸರಿನ ಮೇಲೆ ಯಾರೂ ತಕರಾರು ಎತ್ತುವುದಿಲ್ಲ. ಮೂವರೂ ಬಗ್ಗಿ ಓದಿದೆವು:

"ಜರ್ಮನಿ ಕಪ್ತಾನರಿಂದ ಪ್ರೀತಿಯ ಉಡುಗೊರೆ."

ಭಾವ ಹೊಟ್ಟೆ ಹಿಡಿದು ನಕ್ಕ. "ತಂಗೀ, ಇದು ನಮ್ಮ ಕುಮಟೆ ಪಾತ್ರೆ ಅಂಗಡೀಲಿ ಹೊಡ್ಸಿದ್ದು! ಕನ್ನಡದಲ್ಲೇ ಅದೆ!"

ಹೆಂಡತಿ ಸೆರಗಿನಿಂದ ಚೂರಿ ಒರೆಸಿ ಎದೆಗೊತ್ತಿಕೊಂಡಳು.

"ಮತ್ತೆ? ಅಪ್ಪಂಗೆ ಜರ್ಮನ್ ಓದೂಕೆ ಬತ್ತಿತ್ತಾ?"