ನಾಲ್ಕು ವರ್ಷ ಬಿಡದ ಗಂಟು

ರಾಯಚೂರಿನ ಬಿಸಿಲಲ್ಲಿ ಅಂಟು ಕಲಸುವುದನ್ನೇ ಸಂಶೋಧನೆ ಮಾಡಿಕೊಂಡವಳು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ನನ್ನ ಕೆಲಸ ಇಷ್ಟೇ: ಕಾರ್ಬನ್ ನ್ಯಾನೊಟ್ಯೂಬ್ ಎಂಬ, ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಕೊಳವೆಗಳ ಕರಿ ಪುಡಿಯನ್ನು ಅಂಟಿನಲ್ಲಿ ಒಂದೇ ಸಮನೆ ಬೆರೆಸುವುದು. ಬೆರೆತರೆ, ಗಟ್ಟಿಯಾದ ಅಂಟಿನ ಬಿಲ್ಲೆಯೊಳಗೂ ಕರೆಂಟು ಹರಿದು ಬಲ್ಬು ಹತ್ತುತ್ತದೆ. ಆದರೆ ಆ ಕೊಳವೆಗಳು ಒಂದನ್ನೊಂದು ಬಿಟ್ಟಿರಲಾರದೆ ಗಂಟು ಕಟ್ಟುತ್ತವೆ. ಬಲ್ಬು ಹತ್ತಿದರೆ ನನಗೆ ಪಿಎಚ್‌ಡಿ, ಇಲ್ಲದಿದ್ದರೆ ನಾಲ್ಕು ವರ್ಷ ಮಣ್ಣುಪಾಲು.

೧. ರೊಟ್ಟಿ ಹಿಟ್ಟು

ಮಾನ್ವಿಯಿಂದ ನನ್ನನ್ನು ನೋಡಲು ಬಂದಿದ್ದರು. ಅಕ್ಕಿ ಗಿರಣಿಯ ಮನೆತನ. ಹುಡುಗನ ತಾಯಿ ಚಹಾ ಕುಡಿಯುತ್ತ ಕೇಳಿದರು:

“ಏನ್ ಮಾಡಾಕತ್ತೀಯವ್ವಾ?”

“ಅಂಟಿನ್ಯಾಗ ಪುಡಿ ಕಲಸಾಕತ್ತೀನ್ರೀ.”

“ಎಷ್ಟು ದಿನಾತು?”

“ನಾಕು ವರ್ಷ ಆತ್ರೀ. ಇನ್ನೂ ಗಂಟು ಬಿಟ್ಟಿಲ್ಲ.”

ಅವರು ಕಪ್ಪು ಕೆಳಗಿಟ್ಟು ನನ್ನ ಅವ್ವನತ್ತ ತಿರುಗಿದರು. “ಅಂಟು ಕಲಸಾಕ ನಾಕು ವರ್ಷ ಬೇಕಾದ್ರ, ನಮ್ಮನ್ಯಾಗ ರೊಟ್ಟಿ ಹಿಟ್ಟು ಯಾವಾಗ ಕಲಸ್ತಾಳ್ರೀ?”

ನನಗೆ ಮೈಯೆಲ್ಲ ಉರಿಯಿತು. ಅವ್ವ ಮಾತ್ರ ತಣ್ಣಗೆ ಹೇಳಿದಳು: “ಅಲ್ಲೀತನಕ ನಿಮ್ಮ ಮಗಾ ಕಲಸ್ಲಿ ಬಿಡ್ರೀ, ಕಲೀತಾನ.” ಆ ಸಂಬಂಧ ಚಹಾಕ್ಕೇ ಮುಗಿಯಿತು.

೨. ಬಾಗಿಲಿಗೊಂದು ಆಸರೆ

ಊರೂರಿಗೆ ಕರೆಂಟು ನಮ್ಮ ರಾಯಚೂರಿನ ವಿದ್ಯುತ್ ಸ್ಥಾವರದಿಂದಲೇ ಹೋಗುತ್ತದೆ. ಹೋಗುವಾಗ ನಮ್ಮ ಪಾಲನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಒಮ್ಮೆ ಮೇ ತಿಂಗಳಲ್ಲಿ ಕಲಸುವ ಯಂತ್ರ ಅರ್ಧಕ್ಕೇ ನಿಂತಿತು. ಅಂಟು ಗಟ್ಟಿಯಾಗಿಸುವ ದ್ರಾವಣ ಆಗಲೇ ಹಾಕಿಯಾಗಿತ್ತು. ಗಾಜಿನ ಕಡ್ಡಿ ತೆಗೆದುಕೊಂಡು ಕೈಯಲ್ಲೇ ತಿರುವತೊಡಗಿದೆ. ಅಷ್ಟರಲ್ಲಿ ದೇವದುರ್ಗದಿಂದ ದೊಡ್ಡವ್ವನ ಫೋನು. “ಊಟ ಆತೇನವ್ವಾ?” ಎಂದು ಶುರುವಾದದ್ದು ಅವರ ಎಮ್ಮೆ ಕರು ಹಾಕಿದ ತನಕ ಬಂತು. ತಿರುಗಿ ನೋಡಿದರೆ ಬಿಸಿಲ ಕಾವಿಗೆ ಅಂಟು ಕಲ್ಲಾಗಿ, ಕಡ್ಡಿ ನೆಟ್ಟಗೆ ನಿಂತಿದೆ.

ನಮ್ಮ ಲ್ಯಾಬಿನ ಅಟೆಂಡರ್ ಕಾಕಾ ಕಡ್ಡಿ ಹಿಡಿದು ಎತ್ತಿದರೆ ಗಾಜಿನ ಬೀಕರೂ ಜೊತೆಗೇ ಎದ್ದು ಬಂತು. ಅಂದಿನಿಂದ ಅದು ಲ್ಯಾಬಿನ ಬಾಗಿಲು ಬಡಿಯದಂತೆ ತಡೆಯುತ್ತಿದೆ.

“ಮೇಡಂ, ನಾಕು ವರ್ಷದಾಗ ಉಪಯೋಗಕ್ಕ ಬಂದದ್ದು ಇದೊಂದರೀ,” ಎಂದರು ಕಾಕಾ.

೩. ಬಲ್ಬು

ಆಮೇಲೆ ಹಟಕ್ಕೆ ಬಿದ್ದೆ. ಬೆಳಗಿನ ಐದಕ್ಕೇ ಬಂದು, ತಂಪಿರುವಾಗಲೇ ಚಿಟಿಕೆ ಚಿಟಿಕೆ ಪುಡಿ ಹಾಕಿ ಕಲಸಿದೆ.

ಹೊರಗಿನಿಂದ ಪರೀಕ್ಷಕರು ಬಂದ ದಿನ ಮೇಜಿನ ಮೇಲೆ ನನ್ನ ಬಿಲ್ಲೆ ಇಟ್ಟಿದ್ದೆ. ನೋಡಿದರೆ ಪಕ್ಕದಲ್ಲಿ ಇನ್ನೊಂದು, ಮಿರಿಮಿರಿ ಮಿಂಚುತ್ತಿದೆ! ಪರೀಕ್ಷಕರು ಅದನ್ನೇ ಎತ್ತಿಕೊಂಡು ಭೂತಗನ್ನಡಿ ಹಿಡಿದರು. “ಭೇಷ್! ಒಂದೂ ಗಂಟಿಲ್ಲ.” ಬ್ಯಾಟರಿಯ ತಂತಿ ಮುಟ್ಟಿಸಿದರು. ಬಲ್ಬು ಹತ್ತಲಿಲ್ಲ. “ಅದು ನನ್ನದಲ್ಲ ಸರ್,” ಎಂದೆ.

ಚಹಾ ತಂದ ಕಾಕಾ ಮೆಲ್ಲಗೆ ಬಾಯಿಬಿಟ್ಟರು: “ಅದು ನಂದರೀ ಸಾಹೇಬ್ರ. ಮೇಡಂ ಗಂಟು ಗಂಟು ಅಂತ ಅಳಾಕತ್ತಿದ್ರು, ನೋಡಾಕ ಆಗ್ಲಿಲ್ಲ. ಆ ಪುಡಿ ಬದ್ಲಿ ಬೂಟ್ ಪಾಲಿಶ್ ಹಾಕಿ ಕಲಸೀನಿ.”

ನಗಬೇಕೋ ಬೈಯಬೇಕೋ ತಿಳಿಯದೆ ಪರೀಕ್ಷಕರು ನನ್ನ ಮಂಕು ಬಿಲ್ಲೆಗೆ ತಂತಿ ಹಚ್ಚಿದರು. ಅದೇ ಹೊತ್ತಿಗೆ ಫ್ಯಾನು ನಿಂತಿತು, ಟ್ಯೂಬ್‌ಲೈಟು ಆರಿತು. ಕರೆಂಟು ಹೋಗಿತ್ತು. ಮೇಜಿನ ಮೇಲೆ ಮಾತ್ರ ನನ್ನ ಪುಟ್ಟ ಬಲ್ಬು ಹತ್ತಿತ್ತು. ಸಂತೋಷಕ್ಕೆ ನನಗೆ ಅಳುವೇ ಬಂತು.

ಕಾಕಾ ಚಹಾದ ತಟ್ಟೆ ಹಿಡಿದುಕೊಂಡೇ ಕೂಗಿದರು: “ಡಿಗ್ರಿ ಕೊಟ್ಟುಬಿಡ್ರೀ ಸಾಹೇಬ್ರ! ಈಗ ಇಡೀ ರಾಯಚೂರಾಗ ಕರೆಂಟ್ ಅದ ಅಂದ್ರ ನಮ್ಮ ಮೇಡಂ ಬಿಲ್ಲ್ಯಾಗ ಅಷ್ಟ!”